ಆರನೇ ಫೋಟೋ

"ಈ ಮುಸುಡಿ ನಿಂದೇ ತಾನೇ?"

ಅಂಗಡಿಯಲ್ಲಿ ಒಂಬತ್ತು ಜನ ಇದ್ದರು. ಮರ್ಯಾದೆ ಹೋಗುವಾಗ ಮನುಷ್ಯ ಮೊದಲು ತಲೆ ಎಣಿಸುತ್ತಾನೆ. ಹಳೇ ಸೋಫಾವನ್ನು ಒತ್ತಿ ಒತ್ತಿ ನೋಡುತ್ತಿದ್ದ ಗಂಡ ಹೆಂಡತಿ, ಮಿಕ್ಸಿಗಳ ಮುಂದೆ ಬಗ್ಗಿದ್ದ ಮೂವರು ಹಾಸ್ಟೆಲ್ ಹುಡುಗಿಯರು, ಬೀರು ಇಳಿಸುತ್ತಿದ್ದ ಇಬ್ಬರು ಹಮಾಲಿಗಳು, ಗಲ್ಲಾದ ಹಿಂದೆ ನನ್ನ ಸೋದರಮಾವ, ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತ ನನ್ನ ಅಮ್ಮ. ಎಲ್ಲರೂ ತಿರುಗಿ ನೋಡಿದರು.

ಕೇಳಿದವಳು ಒಬ್ಬ ದರ್ಜಿ ಹೆಂಗಸು. ಅಳತೆ ಟೇಪು ಕೊರಳಲ್ಲೇ ಇತ್ತು. ತೆಗೆದಿಡುವಷ್ಟು ವ್ಯವಧಾನವೂ ಇಲ್ಲದೆ ಬಂದಿದ್ದಳು. ಹತ್ತು ದಿನದ ಹಿಂದೆ ನಮ್ಮಲ್ಲಿ ಒಂದು ಗಾಲಿಕುರ್ಚಿ ಕೊಂಡಿದ್ದಳು, ಅವಳ ಅಪ್ಪನಿಗೆ. ಈಗ ಆ ಕುರ್ಚಿಯ ಜಾಹೀರಾತಿನ ಫೋಟೋವನ್ನು ತನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ನನ್ನ ಮೂಗಿಗೆ ತಾಗುವಂತೆ ಹಿಡಿದಿದ್ದಳು. ಗಾಲಿಯ ನಡುವಿನ ಹೊಳೆಯುವ ಉಕ್ಕಿನ ಮುಚ್ಚಳದಲ್ಲಿ ನೊಣದಷ್ಟು ಒಂದು ಮುಖ. ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು, ಮೊಬೈಲು ಹಿಡಿದ ನಾನು.

"ಹೌದು," ಅಂದೆ.

"ಥೂ ನಿನ್ನ! ಬ್ರೇಕ್ ಮುರಿದಿರೋ ಕುರ್ಚೀನ ಹೊಸ ಕುರ್ಚಿ ಥರ ಫೋಟೋ ತೆಗೆದು ಹಾಕ್ತೀಯಲ್ಲೋ, ಆ ಕೈ ಬಿದ್ದುಹೋಗ! ನಮ್ಮಪ್ಪ ಬಚ್ಚಲ ಬಾಗಿಲಲ್ಲಿ ಬ್ರೇಕ್ ಹಾಕಿ ಎದ್ದು ನಿಲ್ಲೋಕೆ ಹೋದ್ರು. ಕುರ್ಚಿ ಹಿಂದಕ್ಕೆ ಜಾರ್ತು. ಕೈ ಮುರೀತು, ಹಣೆಗೆ ಆರು ಹೊಲಿಗೆ. ನಾನು ದಿನಾ ಬಟ್ಟೆಗೆ ಹೊಲಿಗೆ ಹಾಕೋಳು ಕಣೋ. ಆ ಆರು ಹೊಲಿಗೆ ನೋಡೋಕಾಗಲಿಲ್ಲ ನನ್ನ ಕೈಲಿ."

"ಅಕ್ಕ, ಆ ಬ್ರೇಕಿನ ಫೋಟೋ..."

"ಬಾಯಿ ಮುಚ್ಚು! ಕಳ್ಳನ ಬಾಯಲ್ಲಿ ಅಕ್ಕ ಬೇರೆ. ಕುರ್ಚಿ ವಾಪಸ್ ಕೊಡೋಕೆ ಬಂದಿಲ್ಲ ನಾನು. ಅದು ಬಿಟ್ಟರೆ ನಮ್ಮಪ್ಪನಿಗೆ ಕೂರೋಕೆ ಗತಿ ಇಲ್ಲ. ನಿನ್ನ ಮುಖ ನಿಜವಾಗಲೂ ಹೇಗಿದೆ ಅಂತ ನೋಡೋಕೆ ಬಂದೆ. ನೋಡಿದೆ."

ನಾನು ಮಾವನ ಕಡೆ ತಿರುಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಮ್ಮ ಮಾವ ಅಷ್ಟು ದಡ್ಡನಲ್ಲ. ಅವನು ನಿಧಾನಕ್ಕೆ ಗಲ್ಲಾ ಬಿಟ್ಟು ಬಂದ, ನನ್ನ ತಲೆಯ ಹಿಂಭಾಗಕ್ಕೆ ಒಂದು ತಟ್ಟು ತಟ್ಟಿದ, ಹಲ್ಲು ಕಿರಿದ.

"ತಪ್ಪಾಯ್ತು ತಾಯಿ. ಓದದ ಹುಡುಗ, ತಲೆ ಓಡಲ್ಲ. ಎಂಟನೇ ಕ್ಲಾಸಿಗೇ ಮಣ್ಣು ಹಾಕ್ದೋನು. ಅದಕ್ಕೇ ನಾವು ಇವನಿಗೆ ಎಂಟಾಣೆ ಅಂತಾನೇ ಕರೆಯೋದು. ನಾನು ಬುದ್ಧಿ ಹೇಳ್ತೀನಿ, ನೀವು ನೆಮ್ಮದಿಯಾಗಿ ಹೋಗಿ."

ಹಾಸ್ಟೆಲ್ ಹುಡುಗಿಯರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ದರ್ಜಿ ಹೆಂಗಸು ನಗಲಿಲ್ಲ. ಟೇಪಿನ ಎರಡು ತುದಿಯನ್ನು ಹಿಡಿದು ಕೊರಳಲ್ಲಿ ಸರಿಮಾಡಿಕೊಂಡು ಹೊರಟುಹೋದಳು.

ನನಗೆ ಆಗ ಅಳು ಬರಲಿಲ್ಲ. ಸಿಟ್ಟು ಬಂತು. ಯಾಕೆಂದರೆ ಆ ಬ್ರೇಕಿನ ಫೋಟೋ ನಾನು ತೆಗೆದಿದ್ದೆ.

*

ನನ್ನ ಕೆಲಸ ಹೇಳುತ್ತೇನೆ. ಹಳೇ ಸಾಮಾನಿನ ಅಂಗಡಿಯಲ್ಲಿ ಫೋಟೋ ತೆಗೆಯುವುದೂ ಒಂದು ಕೆಲಸವಾ ಎಂದು ನಗುವವರಿಗೆ ಹೇಳುತ್ತೇನೆ.

ಅಂಗಡಿಯ ಮೇಲೊಂದು ಕೋಣೆ ಇದೆ. ಪೂರ್ವಕ್ಕೆ ಕಿಟಕಿ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಅಲ್ಲಿ ಬರುವ ಬೆಳಕು ಹಾಲಿನಂತೆ ಇರುತ್ತದೆ. ಆಮೇಲೆ ಬರುವುದು ಬರೀ ಬಿಸಿಲು. ಫ್ಲ್ಯಾಶ್ ಹಾಕಬಾರದು, ಹಾಕಿದರೆ ಎಂಥ ಚೆಂದದ ಮೇಜೂ ಹೆಣದಂತೆ ಕಾಣುತ್ತದೆ. ಹಿಂದೆ ಇಸ್ತ್ರಿ ಮಾಡಿದ ಬಿಳೀ ದುಪ್ಪಟಿ ಕಟ್ಟಬೇಕು. ವಸ್ತುವನ್ನು ಅದರ ಎತ್ತರದಿಂದಲೇ ನೋಡಬೇಕು. ಕುರ್ಚಿಯಾದರೆ ಮಂಡಿಯೂರಬೇಕು, ಮಕ್ಕಳ ಸೈಕಲ್ಲಾದರೆ ನೆಲಕ್ಕೆ ಮಲಗಬೇಕು. ಮೇಲೆ ನಿಂತು ತೆಗೆದರೆ ಎಲ್ಲವೂ ಭಿಕ್ಷುಕರ ಹಾಗೆ ತಲೆ ಎತ್ತಿ ನೋಡುತ್ತವೆ. ಹೊಳೆಯುವ ವಸ್ತುವಾದರೆ ಕರೀ ಬಟ್ಟೆಯಲ್ಲಿ ತೂತು ಮಾಡಿ, ಅದರ ಹಿಂದೆ ಅಡಗಿ ತೆಗೆಯಬೇಕು. ಇಲ್ಲದಿದ್ದರೆ ತೆಗೆಯುವವನ ಮುಖ ಅದರಲ್ಲಿ ಬೀಳುತ್ತದೆ. ಗಾಲಿಕುರ್ಚಿಯ ದಿನ ಅಮ್ಮ ಆ ಕರೀ ಬಟ್ಟೆಯನ್ನು ಒಗೆದು ಹಾಕಿದ್ದಳು.

ಪ್ರತಿ ಸಾಮಾನಿಗೆ ಆರು ಫೋಟೋ. ಮುಂದೆ, ಪಕ್ಕ, ಹಿಂದೆ, ಅಡಿ, ಕಂಪನಿಯ ಚೀಟಿ. ಆರನೆಯದು ಅದರ ಕೊರತೆ. ಬಿರುಕೋ, ತುಕ್ಕೋ, ಸುಟ್ಟ ಕಲೆಯೋ, ಏನಿದೆಯೋ ಅದು. ಪಕ್ಕದಲ್ಲಿ ಒಂದು ನಾಣ್ಯ ಇಡುತ್ತೇನೆ, ಕೊರತೆ ಎಷ್ಟು ದೊಡ್ಡದು ಎಂದು ತಿಳಿಯಲಿ ಅಂತ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಒಮ್ಮೆ ನಾನೇ ಆನ್‌ಲೈನಿನಲ್ಲಿ ಒಂದು ಹಳೇ ಶೂ ಕೊಂಡಿದ್ದೆ. ಬಂದಾಗ ಅಡಿ ಬಾಯಿಬಿಟ್ಟಿತ್ತು. ಆ ಶೂ ಕಲಿಸಿತು.

ಆರನೇ ಫೋಟೋ ಹಾಕಲು ಶುರುಮಾಡಿದ ಮೇಲೆ ಜನ ದೂರದಿಂದ ಬರತೊಡಗಿದರು. ಯಾರೋ ಒಬ್ಬ ಪುಣ್ಯಾತ್ಮ ನಮ್ಮ ಜಾಹೀರಾತಿನ ಕೆಳಗೆ ಬರೆದಿದ್ದ: "ಇವರ ಫೋಟೋ ಕಣ್ಣುಮುಚ್ಚಿ ನಂಬಬಹುದು." ಶಾಲೆಯಲ್ಲಿ ನನ್ನ ಹೆಸರಿನ ಮುಂದೆ ಯಾರೂ ಒಂದು ಒಳ್ಳೆಯ ಮಾತು ಬರೆದವರಲ್ಲ. ಆ ಸಾಲನ್ನು ನಾನು ಬಾಯಿಪಾಠ ಮಾಡಿದ್ದೇನೆ. ಯಾರಾದರೂ ಸಾಮಾನು ಒಯ್ಯುವಾಗ "ಎಲ್ಲ ಸರಿ ಇದೆಯಾ?" ಎಂದು ಕೇಳಿದರೆ ನನ್ನದು ಒಂದೇ ಉತ್ತರ: "ಫೋಟೋದಲ್ಲಿ ಇದ್ದ ಹಾಗೇ ಇದೆ." ಎದೆಯುಬ್ಬಿಸಿ ಹೇಳುತ್ತಿದ್ದೆ. ನನ್ನ ಹತ್ತಿರ ಇದ್ದ ಆಸ್ತಿ ಅಂದರೆ ಆ ಒಂದು ಮಾತು.

ಫೋಟೋ ತೆಗೆಯುವುದು ನಾನು. ತೆಗೆದು ಮಾವನ ಮೊಬೈಲಿಗೆ ಕಳಿಸಬೇಕು. ಜಾಹೀರಾತು ಹಾಕುವುದು ಅವನು. ಖಾತೆ ಅವನ ಹೆಸರಲ್ಲಿದೆ. ಹಾಕಿದ ಮೇಲೆ ನಾನು ಪ್ರತಿ ಸಲ ಒಮ್ಮೆ ತೆರೆದು ನೋಡುತ್ತಿದ್ದೆ. ಆ ವಾರ ಮಾತ್ರ ನೋಡಲಿಲ್ಲ. ಬಾಗಿಲು ಮುಚ್ಚಿದ ಒಂದು ಹೋಟೆಲಿನಿಂದ ನಲವತ್ತು ಮಂಚ ಬಂದಿದ್ದವು. ಮಂಡಿಯೂರಿ ಊರಿ ನನ್ನ ಮಂಡಿ ಚಿಪ್ಪು ಕಪ್ಪಾಗಿತ್ತು.

ದರ್ಜಿ ಹೆಂಗಸು ಹೋದ ಮೇಲೆ ತೆರೆದು ನೋಡಿದೆ. ಗಾಲಿಕುರ್ಚಿಗೆ ಐದೇ ಫೋಟೋ. ಮುರಿದ ಬ್ರೇಕಿನ ಕಡ್ಡಿ, ಪಕ್ಕದಲ್ಲಿ ನನ್ನ ನಾಣ್ಯ ಇದ್ದ ಆರನೆಯದು ಇರಲಿಲ್ಲ.

*

"ನೀವು ತೆಗೆದುಹಾಕಿದ್ರಾ?" ಎಂದು ಮೇಲಿನ ಕೋಣೆಯಲ್ಲಿ ಮಾವನನ್ನು ಕೇಳಿದೆ.

ಅವನು ಅಲ್ಲಗಳೆಯಲೂ ಇಲ್ಲ. ಅದು ಇನ್ನೂ ಉರಿಸಿತು.

"ಅಲ್ಲಯ್ಯಾ, ಮೂರು ವಾರ ಬಿದ್ದಿತ್ತು ಆ ಕುರ್ಚಿ. ಮುರುಕಲು ಬ್ರೇಕ್ ತೋರಿಸಿದ್ರೆ ಯಾವನು ತಗೋತಾನೆ? ಮದುವೆ ಗಂಡಿನ ಫೋಟೋ ತೆಗೆಯೋವಾಗ ಅವನ ಮೂಲವ್ಯಾಧೀನೂ ತೋರಿಸ್ತಾರೇನೋ?"

"ಒಬ್ಬ ಮುದುಕನ ಕೈ ಮುರೀತು ಮಾವ."

"ನಾನು ಮುರಿದೆನಾ? ವಯಸ್ಸಾದ ಮೇಲೆ ಬೀಳ್ತಾರೆ. ಹೊಸ ಕುರ್ಚಿಯಲ್ಲಿ ಕೂತವರೂ ಬೀಳ್ತಾರೆ."

"ಸರಿ. ನನಗೇನೂ ಬೇಡ. ಅವರ ಮನೆಗೆ ಬನ್ನಿ. ಫೋಟೋ ತೆಗೆದುಹಾಕಿದ್ದು ನಾನು, ಹುಡುಗ ಅಲ್ಲ ಅಂತ ಒಂದು ಮಾತು ಹೇಳಿ. ಒಂದೇ ಮಾತು."

ಮಾವ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. ಕೋಪ ಇರಲಿಲ್ಲ ಆ ಮುಖದಲ್ಲಿ. ನಿಜವಾಗಲೂ ಅರ್ಥವಾಗದವನ ಬೆರಗು ಇತ್ತು.

"ನಾನು ಹೇಳಿದ್ರೆ ಅಂಗಡಿ ಹೆಸರು ಹೋಗುತ್ತೆ. ಹದಿನೆಂಟು ವರ್ಷದ ಹೆಸರು. ನಿನ್ನ ಮೇಲೆ ಹಾಕಿದ್ರೆ ಹೋಗೋದಕ್ಕೆ ಏನಿದೆಯೋ ನಿನ್ನ ಹತ್ರ?"

ಇಷ್ಟು ಹೇಳಿ, ಕಟ್ಟಿದ ನನ್ನ ದುಪ್ಪಟಿಗೆ ಕೈ ಒರೆಸಿಕೊಂಡು ಕೆಳಗಿಳಿದು ಹೋದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಅಡಿಕೆಗೂ ಹೋಗಲಿಲ್ಲ, ಬೆರಳುದ್ದದ ಒಂದು ಕಬ್ಬಿಣದ ಕಡ್ಡಿಗೆ ಹೋಯಿತು. ಅದೂ ನಾನು ಮುರಿದದ್ದಲ್ಲ, ನಾನು ಮುಚ್ಚಿಟ್ಟದ್ದೂ ಅಲ್ಲ.

ಅಮ್ಮ ಅಂಗಡಿಯ ಹಿಂದಿನ ನಮ್ಮ ಒಂದೇ ಕೋಣೆಯಲ್ಲಿ ತಳ ಸುಟ್ಟ ಇಸ್ತ್ರಿಪೆಟ್ಟಿಗೆ ಉಜ್ಜುತ್ತಿದ್ದಳು. ಬಂದ ಸಾಮಾನನ್ನೆಲ್ಲ ಫೋಟೋಕ್ಕೆ ಮೊದಲು ತೊಳೆದು ಒರೆಸುವುದು ಅವಳ ಕೆಲಸ. ಅವಳಿಗೆ ಮಾವ ಒಡಹುಟ್ಟಿದ ಅಣ್ಣ. ಅಪ್ಪ ತೀರಿಹೋದ ವರ್ಷ ನಮಗೆ ಈ ಕೋಣೆ ಕೊಟ್ಟವನು.

"ಬಿಟ್ಟುಬಿಡೋ," ಅಂದಳು, ತಲೆ ಎತ್ತದೆ.

"ಕಳ್ಳ ಅಂದ್ಳಮ್ಮ. ಒಂಬತ್ತು ಜನರ ಮುಂದೆ."

"ಎಂಟು ಜನ. ನನ್ನ ಯಾಕೆ ಸೇರಿಸ್ತೀಯ? ನೀನು ಕಳ್ಳ ಅಲ್ಲ ಅಂತ ನನಗೆ ಗೊತ್ತು."

"ಮತ್ತೆ ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ತಿರುಗಿಸಿ ಇನ್ನೊಂದು ಬದಿ ಉಜ್ಜತೊಡಗಿದಳು. "ಅಣ್ಣನ ಮುಂದೆ ನಾನು ಬಾಯಿ ಬಿಡೋದು ಊಟ ಆಯ್ತಾ ಅಂತ ಕೇಳೋಕೆ ಮಾತ್ರ ಕಣೋ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದಕ್ಕೇ ಅವಳ ಮೇಲೂ ಕೋಪ ಬಂತು.

*

ಮರುದಿನ ಬೆಳಿಗ್ಗೆ ಬೆಳಕಿನ ಹೊತ್ತನ್ನು ಬಿಟ್ಟು ನಾನು ಅಂಗಡಿಯಿಂದ ಹೊರಬಿದ್ದದ್ದು ಅದೇ ಮೊದಲು. ಮೂಲೆಯಲ್ಲಿ ಬಿದ್ದಿದ್ದ, ಸೀಟು ಹರಿದ ಇನ್ನೊಂದು ಗಾಲಿಕುರ್ಚಿಯಿಂದ ಬ್ರೇಕು ಬಿಚ್ಚಿಕೊಂಡೆ. ಎರಡು ಪಾನಾ, ಒಂದು ಸ್ಕ್ರೂಡ್ರೈವರು, ರಸೀದಿ ಪುಸ್ತಕದಿಂದ ಬರೆದುಕೊಂಡ ವಿಳಾಸ. ಜೇಬಿನಲ್ಲಿ ನಾಣ್ಯ. ಮೊಬೈಲಿನಲ್ಲಿ ಆರನೇ ಫೋಟೋ, ತೆಗೆದ ದಿನ, ಗಂಟೆ ಸಮೇತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ನೋಡಿ ಅಕ್ಕ, ಇದು ನಾನು ತೆಗೆದದ್ದು. ಈಗ ಹೇಳಿ, ಕಳ್ಳ ಯಾರು?

ದರ್ಜಿ ಹೆಂಗಸಿನ ಮನೆ ಅಂದರೆ ರಸ್ತೆಗೆ ತೆರೆದ ಒಂದು ಹೊಲಿಗೆ ಅಂಗಡಿ, ಅದರ ಹಿಂದೆ ಪರದೆ, ಪರದೆಯ ಹಿಂದೆ ಸಂಸಾರ. ಅವಳ ಅಪ್ಪ ಮಿಷನ್ನಿನ ಪಕ್ಕ ಆ ಗಾಲಿಕುರ್ಚಿಯಲ್ಲೇ ಕೂತಿದ್ದ. ಬಲಗೈಗೆ ಪ್ಲಾಸ್ಟರು. ಹಣೆಯಲ್ಲಿ ಕಪ್ಪು ದಾರದ ಹೊಲಿಗೆ. ಎರಡು ಗಾಲಿಗೂ ಹಿಂದೆ ಮುಂದೆ ಇಟ್ಟಿಗೆ ಕೊಟ್ಟಿದ್ದರು.

"ಏನಕ್ಕೆ ಬಂದೆ?" ಅಂದಳು. ಮಿಷನ್ನು ನಿಲ್ಲಿಸಲಿಲ್ಲ.

"ಬ್ರೇಕ್ ಹಾಕಿಕೊಡೋಕೆ."

ಅವಳು ಏನೋ ಅನ್ನುವಷ್ಟರಲ್ಲಿ ಮುದುಕ ಎಡಗೈ ಎತ್ತಿದ. "ಬರಲಿ ಬಿಡಮ್ಮ. ಮೆಕ್ಯಾನಿಕ್ಕನ್ನ ಬಾಗಿಲಿಂದ ಓಡಿಸಬಾರದು." ನನ್ನ ಕಡೆ ತಿರುಗಿದ. "ಮೂವತ್ತಾರು ವರ್ಷ ಬಸ್ ಓಡಿಸಿದೀನಪ್ಪ. ಘಟ್ಟ ಇಳಿಸಿದೀನಿ, ಮದುವೆ ದಿಬ್ಬಣ ಇಳಿಸಿದೀನಿ, ಒಂದು ಇರುವೆಗೂ ಗಾಯ ಮಾಡಿಲ್ಲ. ಕಡೆಗೆ ನನ್ನ ಬ್ರೇಕ್ ಫೇಲ್ ಆಗಿದ್ದು ಬಚ್ಚಲುಮನೆ ಬಾಗಿಲಲ್ಲಿ. ಡಿಪೋದಲ್ಲಿ ಹೇಳಿದ್ರೆ ನಗ್ತಾರೆ."

ನನಗೆ ನಗಲಾಗಲಿಲ್ಲ. ಅವನನ್ನು ಸ್ಟೂಲಿಗೆ ಕೂರಿಸಿ ಕೆಲಸಕ್ಕೆ ಕುಳಿತೆ. ಮುರಿದ ಬ್ರೇಕು ಬಿಚ್ಚಿದೆ, ತಂದದ್ದನ್ನು ಕೂರಿಸಿದೆ, ಬಿಗಿ ಮಾಡಿದೆ. ಬ್ರೇಕು ಹಾಕಿ ನನ್ನ ಪೂರ್ತಿ ಭಾರ ಬಿಟ್ಟು ಮೂರು ಸಲ ದೂಡಿದೆ. ಕುರ್ಚಿ ಅಲ್ಲಾಡಲಿಲ್ಲ. ಆಮೇಲೆ ಎದ್ದು, ಕೈ ಒರೆಸಿಕೊಂಡು, ಮೊಬೈಲು ತೆಗೆದು ಅವಳ ಮಿಷನ್ನಿನ ಮೇಲೆ ಇಟ್ಟೆ.

"ನೋಡಿ ಅಕ್ಕ. ಮುರಿದ ಬ್ರೇಕಿನ ಫೋಟೋ ನಾನು ತೆಗೆದಿದ್ದೆ. ತಾರೀಕು ನೋಡಿ. ಜಾಹೀರಾತಿನಿಂದ ತೆಗೆದುಹಾಕಿದ್ದು ನಮ್ಮ ಮಾವ. ನಾನು ಕಳ್ಳ ಅಲ್ಲ."

ಮಿಷನ್ನು ನಿಂತಿತು. ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ನಾಣ್ಯ ನೋಡಿದಳು. ತಾರೀಕನ್ನು ಬಾಯಲ್ಲೇ ಓದಿಕೊಂಡಳು. ಈಗ ಹೇಳುತ್ತಾಳೆ, ತಪ್ಪು ತಿಳಿದೆ ಕಣಪ್ಪ ಅನ್ನುತ್ತಾಳೆ ಎಂದು ನಾನು ಕಾದೆ.

"ಹಾಗಾದ್ರೆ ನಿನಗೆ ಗೊತ್ತಿತ್ತು," ಅಂದಳು.

"ಅಲ್ಲ ಅಕ್ಕ, ನಾನು ತೆಗೆದಿದ್ದೆ ಅಂತ..."

"ಅದೇ ಹೇಳಿದ್ದು. ನಿಮ್ಮ ಮಾವ ದುಡ್ಡಿನ ಮುಖ ನೋಡೋನು, ಕುರ್ಚಿ ಮುಖ ನೋಡಿರಲ್ಲ. ನೀನು ನೋಡಿದೀಯ. ಎಲ್ಲಿ ಮುರಿದಿದೆ, ಎಷ್ಟು ಮುರಿದಿದೆ, ಅಳತೆ ಸಮೇತ ಗೊತ್ತಿತ್ತು ನಿನಗೆ. ಕುರ್ಚೀನ ಗಾಡಿಗೆ ಹತ್ತಿಸಿದ್ದು ಯಾರು?"

"ನಾನೇ."

"ಹತ್ತಿಸೋವಾಗ ನಾನು ಏನು ಕೇಳಿದೆ?"

ನೆನಪಾಯಿತು. ನೆನಪಾಗಬಾರದಾಗಿತ್ತು. ಅವಳು ಕುರ್ಚಿಯ ಕೈ ಹಿಡಿದು, ಒಳಗೆ ಯಾರೋ ಕೂತಿದ್ದಾರೆ ಎನ್ನುವಂತೆ ಮೆಲ್ಲಗೆ ನೇವರಿಸಿ ಕೇಳಿದ್ದಳು: ಎಲ್ಲ ಸರಿ ಇದೆ ಅಲ್ವೇನಪ್ಪ? ನಾನು ಎದೆಯುಬ್ಬಿಸಿ ಹೇಳಿದ್ದೆ.

"ಫೋಟೋದಲ್ಲಿ ಇದ್ದ ಹಾಗೇ ಇದೆ ಅಂದೆ," ಎಂದೆ.

"ಹೂಂ. ಬ್ರೇಕ್ ಮುರಿದಿದೆ ಅಂತ ಹೇಳೋಕೆ ಬಾಯಿ ಇರಲಿಲ್ವಾ?"

"ನೀವು ನೋಡಿದೀರಿ ಅಂದ್ಕೊಂಡೆ."

ಹೇಳುವಾಗಲೇ ಅದು ಎಷ್ಟು ಪೊಳ್ಳು ಎಂದು ನನಗೇ ಕೇಳಿಸಿತು. ಮುರಿದ ಬ್ರೇಕು ಎಂದು ಗೊತ್ತಿದ್ದರೆ ಯಾವ ಮಗಳು ಅಪ್ಪನಿಗೆ ಆ ಕುರ್ಚಿ ಒಯ್ಯುತ್ತಾಳೆ? ಒಂದು ಸಲ, ಒಂದೇ ಒಂದು ಸಲ ನಾನು ಯೋಚಿಸಿದ್ದರೆ ಸಾಕಿತ್ತು. ಫೋಟೋ ಎಲ್ಲ ಹೇಳಿದೆ ಎಂದುಕೊಂಡು ನಾನು ಬಾಯಿಗೆ ರಜೆ ಕೊಟ್ಟಿದ್ದೆ.

"ಬಿಡಮ್ಮ," ಅಂದ ಮುದುಕ. "ಬಂದಿದಾನಲ್ಲ. ಅವರ ಮಾವ ಬಂದನಾ?"

"ಬಂದಿದ್ದು ಯಾಕೆ ಅಂತ ಕೇಳಿ ಅಪ್ಪ. ನಿಮ್ಮ ಕೈ ನೋಡೋಕೆ ಬಂದ್ನಾ? ತನ್ನ ಹೆಸರು ತೊಳ್ಕೊಳ್ಳೋಕೆ ಬಂದ." ಮೊಬೈಲನ್ನು ನನ್ನ ಕಡೆ ತಳ್ಳಿದಳು. ಸಿಟ್ಟಿನಿಂದ ತಳ್ಳಿದ್ದರೆ ಚೆನ್ನಾಗಿತ್ತು. ಗಿರಾಕಿಗೆ ಚಿಲ್ಲರೆ ಕೊಡುವವಳಂತೆ ತಳ್ಳಿದಳು. "ಬ್ರೇಕ್ ಹಾಕಿದೆ, ಒಳ್ಳೇದು. ಇನ್ನು ಹೊರಡು."

ನಾನು ಹೊರಡಲಿಲ್ಲ. ಕುರ್ಚಿಯನ್ನು ಮತ್ತೆ ತಲೆಕೆಳಗು ಮಾಡಿದೆ. ಒಂದೊಂದೇ ಮುಟ್ಟಿ ತೋರಿಸಿ, ಬಾಯಿಬಿಟ್ಟು ಹೇಳಿದೆ: ಬಲಗಾಲಿಯ ಟೈರು ಸವೆದಿದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಕಾಲಿಡುವ ಹಲಗೆಯ ಎಡಗಡೆ ಸ್ಕ್ರೂ ಸಡಿಲ, ಬಿಗಿಮಾಡಿದ್ದೇನೆ, ತಿಂಗಳಿಗೊಮ್ಮೆ ನೋಡಬೇಕು. ಸೀಟಿನ ಬಟ್ಟೆ ಹಿಂದೊಮ್ಮೆ ಹರಿದು ಹೊಲಿದದ್ದು.

ಮುದುಕ ಎಲ್ಲವನ್ನೂ ಡಿಪೋದಲ್ಲಿ ಬಸ್ಸು ಒಪ್ಪಿಸಿಕೊಳ್ಳುವವನಂತೆ ತಲೆಯಾಡಿಸಿ ಕೇಳಿಸಿಕೊಂಡ. ಮಗಳು ಮತ್ತೆ ಮಿಷನ್ನು ತುಳಿಯತೊಡಗಿದ್ದಳು. ನಾನು ಮೆಟ್ಟಿಲಿಳಿದರೂ ತಲೆ ಎತ್ತಲಿಲ್ಲ.

*

ಅಂಗಡಿಗೆ ಮರಳುವಾಗ ಮಧ್ಯಾಹ್ನ. ಅಂಗಡಿಯ ಮುಂದೆ ಒಬ್ಬ ಗೋಡೆಗೆ ಬಣ್ಣ ಬಳಿಯುವವನು ನಿಂತಿದ್ದ. ರೆಪ್ಪೆಯ ಮೇಲೂ ಸುಣ್ಣದ ಚುಕ್ಕೆ. ಜೊತೆಗೆ ಅವನ ಅಳಿಯ. ಇಬ್ಬರ ನಡುವೆ ನಮ್ಮ ಅಲ್ಯೂಮಿನಿಯಂ ಏಣಿ. ಮಾವ ಅದರ ಬೆನ್ನು ತಟ್ಟಿ ತಟ್ಟಿ ಹೊಗಳುತ್ತಿದ್ದ, ಕುದುರೆ ಮಾರುವವನಂತೆ.

ಆ ಏಣಿ ನನಗೆ ಗೊತ್ತು. ಎರಡು ದಿನದ ಹಿಂದೆ ಫೋಟೋ ತೆಗೆದಿದ್ದೆ. ಕೆಳಗಿನಿಂದ ಏಳನೇ ಮೆಟ್ಟಿಲು, ರಿವೆಟ್ಟಿನ ಪಕ್ಕದಲ್ಲಿ ಕೂದಲೆಳೆಯ ಬಿರುಕು. ನಿಂತಲ್ಲೇ ಜಾಹೀರಾತು ತೆರೆದೆ. ಐದು ಫೋಟೋ.

ಮುದುಕನ ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಒಂದು ದಿನವೂ ತಡೆಯಲಾಗಲಿಲ್ಲ ನಮ್ಮ ಮಾವನಿಗೆ.

"ಎಷ್ಟು ಎತ್ತರ ಹತ್ತಬಹುದು?" ಎಂದು ಅಳಿಯ ಕೇಳುತ್ತಿದ್ದ.

"ಆಕಾಶಕ್ಕೆ ಹತ್ತಿ!" ಅಂದ ನಮ್ಮ ಮಾವ. ನನ್ನನ್ನು ಕಂಡವನೇ ಮುಖ ಅರಳಿಸಿದ. ನಿನ್ನೆಯದೆಲ್ಲ ಅವನಿಗೆ ಮರೆತೇಹೋಗಿತ್ತು. "ಇಗೋ, ಫೋಟೋ ತೆಗೆದೋನೇ ಬಂದ. ಇವನನ್ನೇ ಕೇಳಿ. ಜನ ಇವನ ಫೋಟೋ ನೋಡಿ ಕಣ್ಣುಮುಚ್ಚಿ ನಂಬ್ತಾರೆ. ಏನೋ ಎಂಟಾಣೆ, ಫೋಟೋದಲ್ಲಿ ಇದ್ದ ಹಾಗೇ ಇದೆ ತಾನೇ?"

ನನ್ನ ಮಾತು. ಅವನ ಬಾಯಲ್ಲಿ.

ನಾನು ಏಣಿಯನ್ನು ನೆಲಕ್ಕೆ ಮಲಗಿಸಿದೆ, ಮಂಡಿಯೂರಿದೆ, ಜೇಬಿನ ನಾಣ್ಯ ತೆಗೆದು ಏಳನೇ ಮೆಟ್ಟಿಲ ಮೇಲೆ, ಬಿರುಕಿನ ಪಕ್ಕ ಇಟ್ಟೆ. ಬಣ್ಣದವನ ಮುಖ ನೋಡಿ ಹೇಳಿದೆ: "ಇಲ್ಲಿ ಒಡೆದಿದೆ ಅಣ್ಣ. ಬೆರಳಿಟ್ಟು ನೋಡಿ. ಹತ್ತಬೇಡಿ."

ಬಣ್ಣದವನು ಬಗ್ಗಿ ಉಗುರಿನಿಂದ ಗೀರಿ ನೋಡಿದ. ಅಳಿಯ ಬಣ್ಣದವನ ಮುಖ ನೋಡಿದ. ಆಮೇಲೆ ಇಬ್ಬರೂ ನನ್ನ ಮಾವನನ್ನು ನೋಡಿದರು.

ನಾನು ಎದ್ದೆ. ನಾಣ್ಯ ಅಲ್ಲೇ ಬಿಟ್ಟೆ.

"ಉಂಡ ಮನೆ ಗಳ ಹಿರಿಯೋ ನಾಯಿ!" ಮಾವನ ಕೂಗಿಗೆ ಪಕ್ಕದ ಅಂಗಡಿಯವರೂ ಹೊರಗೆ ಬಂದರು. "ಮೈಮೇಲಿರೋ ಬಟ್ಟೆ ಯಾರದೋ? ಮಲಗೋ ಕೋಣೆ ಯಾರದೋ? ಹೇಳೋ, ಬಾಯಿ ಬಿದ್ದುಹೋಯ್ತಾ?"

ಅವನಿಗೆ ಕೊಡಲು ಉತ್ತರಗಳು ಬೇಕಾದಷ್ಟಿದ್ದವು. ಒಂದೊಂದಕ್ಕೂ ಆರಾರು ಫೋಟೋ ತೆಗೆದು ತೋರಿಸಬಹುದಾಗಿತ್ತು. ಆದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ನನ್ನ ಕರೀ ಬಟ್ಟೆ, ಒಗೆದು ಒಣಗಿಸಿ ಮಡಿಸಿದ್ದು. ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ಹಿಂದಿನ ಕೋಣೆಯ ಕಡೆಗೂ ಒಮ್ಮೆ ನೋಡಿದಳು.

"ಸಂಜೆಗೆ ಬರ್ತೀಯಲ್ಲ?" ಅಂದಳು. ಯಾರಿಗೂ ಕೇಳಬಾರದು ಎನ್ನುವಷ್ಟು ಸಣ್ಣಗೆ. ನನಗೆ ಕೇಳಿಸಿತು.

ನಾನು ರಸ್ತೆಗೆ ಇಳಿದು ನಡೆದೆ.